ಸಾಹುಕಾರರ ಅಂಬಾಸಡರ್ ನಮ್ಮ ಅಂಗಳಕ್ಕೆ ಬಂದದ್ದು

ನನ್ನ ಉಗುರುಗಳ ಅಂಚಿನಲ್ಲಿ ಒಂದು ಕಪ್ಪು ಗೆರೆ ಉಳಿದುಬಿಟ್ಟಿದೆ. ಸೀಮೆಎಣ್ಣೆ, ನಿಂಬೆಹಣ್ಣು, ಪಾತ್ರೆ ತಿಕ್ಕುವ ಪುಡಿ, ಯಾವುದಕ್ಕೂ ಅದು ಜಗ್ಗಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಒಮ್ಮೆ ನನ್ನ ಕೈ ನೋಡುತ್ತಾರೆ, ಒಮ್ಮೆ ಮುಖ ನೋಡುತ್ತಾರೆ. ನಾನು ದನದ ಡಾಕ್ಟರು ಎಂದು ಗೊತ್ತಿದ್ದವರಂತೂ ಏನೇನೋ ಊಹಿಸಿಕೊಂಡು ತಮ್ಮ ಎಲೆಯನ್ನು ತುಸು ಆಚೆ ಸರಿಸಿಕೊಳ್ಳುತ್ತಾರೆ. ಅವರು ಊಹಿಸುವಂಥದ್ದೇನಲ್ಲ. ಅದು ಒಂದು ಹಳೆಯ ಕಾರಿನ ಹೊಟ್ಟೆಯೊಳಗಿನ ಮಸಿ. ಅದು ನನ್ನ ಕೈಗೆ ಹೇಗೆ ಹತ್ತಿತು ಎಂದು ಪಂಕ್ತಿಯಲ್ಲಿ ಕೂತು ಹೇಳುವಷ್ಟರಲ್ಲಿ ಪಾಯಸ ಬಂದು ಹೋಗುತ್ತದೆ. ನೀವಾದರೆ ಪುರುಸೊತ್ತಿನಲ್ಲಿ ಇದ್ದೀರಿ, ಕೇಳಿ.

ನನ್ನ ಕೆಲಸ ಮಸ್ಕಿ ತಾಲ್ಲೂಕಿನಲ್ಲಿ, ಮನೆ ಸಿಂಧನೂರಿನಲ್ಲಿ. ಕಾಲುಬಾಯಿ ಬೇನೆಯ ಲಸಿಕೆ ಹಾಕುತ್ತ ಒಂದು ಬೆಳಿಗ್ಗೆ ಪಾಮನಕಲ್ಲೂರಿಗೆ ಹೋಗಿದ್ದೆ. ಶಿವಪುತ್ರಪ್ಪ ಎಂಬ ರೈತರ ಹಿತ್ತಲಿನಲ್ಲಿ ಒಂದು ಎಮ್ಮೆ ನನ್ನ ಸೂಜಿ ಕಂಡದ್ದೇ ಹಗ್ಗ ಎಳೆದುಕೊಂಡು ಹಿಂದೆ ಸರಿಯಿತು. ಆಗ ಎಮ್ಮೆಯ ಜೊತೆಗೆ ಗೂಟವೂ ಕಿರ್ರೆಂದು ಅಲ್ಲಾಡಿತು. ನೋಡಿದರೆ ಅದು ಗೂಟವೇ ಅಲ್ಲ, ಒಂದು ಕಾರಿನ ಬಂಪರು. ಕಾರಿನ ಮೈಮೇಲೆ ಜೋಳದ ಸೊಪ್ಪೆಯ ಬಣವೆಯಿತ್ತು. ಕಿಟಕಿಗೆ ಗಾಜಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿಗಳು ಸಾಲಾಗಿ ಕೂತು, ಬಸ್ಸು ಯಾವಾಗ ಬಿಡುತ್ತದೆ ಎಂದು ಕಾಯುವ ಪ್ರಯಾಣಿಕರ ಹಾಗೆ ನನ್ನನ್ನು ನೋಡಿದವು.

ನಾನು ಸುಮ್ಮನೆ ತಲೆ ಒಳಗೆ ಹಾಕಿದೆ. ಸ್ಟೇರಿಂಗಿನ ಕೆಳಗೆ, ಚೋಕ್ ಎಳೆಯುವ ಗುಂಡಿ ಇರಬೇಕಾದ ಕಡೆ, ಮರದ ಒಂದು ದಾರದ ರೀಲು ಸಿಕ್ಕಿಸಿತ್ತು. ನನ್ನ ಕೈಯಲ್ಲಿದ್ದ ಸಿರಿಂಜು ಹಾಗೇ ನಿಂತಿತು.

ಅಂಚಿಗೆ ಚಕ್ಕೆ ಎದ್ದ ಆ ರೀಲು ನಮ್ಮ ಅವ್ವನ ಹೊಲಿಗೆ ಮಷೀನಿನದು. ನಾನು ಸಣ್ಣವಳಿದ್ದಾಗ ಅದು ಕಳೆದುಹೋಯಿತೆಂದು ಅವ್ವ ಮನೆಯೆಲ್ಲ ಜಾಲಾಡಿ, ಕೊನೆಗೆ ನನ್ನ ಬೆನ್ನಿಗೆ ಎರಡು ಕೊಟ್ಟಿದ್ದಳು. ಒಯ್ದವನು ಅಪ್ಪ ಎಂದು ಈಗ ತಿಳಿಯಿತು. ಚೋಕಿನ ಗುಂಡಿ ಮುರಿದಿತ್ತು, ಅದಕ್ಕೆ ಸರಿಯಾಗಿ ಕೂತದ್ದು ಆ ರೀಲೊಂದೇ. ಈ ಕಾರನ್ನು ಲಿಂಗಸುಗೂರಿನಲ್ಲಿ ವರ್ಷಗಟ್ಟಲೆ ಓಡಿಸಿದವನು ನಮ್ಮ ಅಪ್ಪ, ಡ್ರೈವರ್ ಯಲ್ಲಪ್ಪ. ಕಾರು ಮಾತ್ರ ನಮ್ಮದಲ್ಲ, ಹತ್ತಿ ಗಿರಣಿಯ ಸಾಹುಕಾರರದು.

"ಇದು ಯಾರ ಗಾಡಿರೀ?" ಎಂದೆ. ಗೊತ್ತಿದ್ದೂ ಕೇಳಿದೆ.

"ನಮ್ದೇ ರೀ ಡಾಕ್ಟರವ್ವ," ಎಂದರು ಶಿವಪುತ್ರಪ್ಪ. "ನಮ್ಮಪ್ಪ ಲಿಂಗಸುಗೂರಿನ ಗಿರಣಿ ಸಾಹುಕಾರ್ರ ಕಡಿಂದ ತಂದಿದ್ದ. ಎರಡು ಸುಗ್ಗಿ ಓಡಿತು. ಆಮ್ಯಾಲ ಕುಂತಿದ್ದು ಎದ್ದೇ ಇಲ್ಲ."

"ನನಗ ಕೊಡ್ತೀರೇನು?"

ಅವರು ಗಾಬರಿಯಿಂದ ನೋಡಿದರು. "ಎಮ್ಮಿ?"

"ಎಮ್ಮಿ ಅಲ್ರೀ. ಗಾಡಿ."

"ಗಾಡಿ ಕೊಡಾಕ ಏನಿಲ್ರೀ. ಆದ್ರ ಕೋಳಿ ಎಲ್ಲಿ ಇರಬೇಕು?"

ನ್ಯಾಯವಾದ ಪ್ರಶ್ನೆ. ಮಸ್ಕಿಯ ಬಡಗಿಯೊಬ್ಬರಿಂದ ತಂತಿಜಾಲರಿ ಹೊಡೆದ ಒಂದು ಭರ್ಜರಿ ಕೋಳಿಗೂಡು ಮಾಡಿಸಿಕೊಟ್ಟೆ. ಕೋಳಿಗಳು ಹೊಸ ಮನೆಗೆ ಹೋಗಲು ಒಪ್ಪಲಿಲ್ಲ, ಅದು ಬೇರೆ ಮಾತು. ಒಂದೊಂದನ್ನೂ ಹಿಡಿದು ಇಳಿಸಬೇಕಾಯಿತು. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಕಾರು ಹೇರಿಕೊಂಡು ಮಸ್ಕಿ ದಾಟುವಾಗ ಚಹಾದಂಗಡಿಯ ಮುಂದೆ ಕೂತವರೊಬ್ಬರು ಕೂಗಿ ಕೇಳಿದರು: "ಡಾಕ್ಟರವ್ವ, ಇದಕ್ಕೂ ಕಾಲುಬಾಯಿ ಬೇನಿ ಬಂದೈತೇನ್ರೀ?"

ಅಪ್ಪ, ಅವ್ವ ಈಗ ಸಿಂಧನೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಮನೆ ಮುಟ್ಟಿದಾಗ ಅಪ್ಪ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದ. ಟ್ರಾಲಿ ಒಳಗೆ ಬಂದಾಗ ಎದ್ದು ನಿಂತ. ಕಾರನ್ನು ನೋಡಿದ. ಅವನಿಗೆ ಗುರುತು ಹತ್ತಿತು ಎಂಬುದು ನನಗೆ ತಿಳಿಯಿತು, ಯಾಕೆಂದರೆ ಪೇಪರನ್ನು ಬಹಳ ನೀಟಾಗಿ ಮಡಚಿದ. ಆಮೇಲೆ ಒಳಗೆ ಹೋದ. "ಗುಜರಿಗೆ ಹಾಕು," ಎಂದದ್ದು ಒಳಗಿನಿಂದ ಕೇಳಿಸಿತು.

ಅವ್ವ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದಳು. ಒಳಗೆ ಇಣುಕಿದಳು. "ಯವ್ವಾ! ನನ್ನ ರೀಲು!" ಎಂದು ಕೂಗಿ, ಕೈ ಹಾಕಿ ಅದನ್ನು ಕಿತ್ತುಕೊಂಡು ಒಳಗೆ ನಡೆದಳು. ಕಾರಿನ ಮೊದಲ ರಿಪೇರಿ ಹೀಗೆ ಒಂದು ಭಾಗ ಕಡಿಮೆಯಾಗುವುದರಿಂದಲೇ ಶುರುವಾಯಿತು. ನನ್ನ ಗಂಡ ತನ್ನ ಸ್ಕೂಟರನ್ನು ಬೇವಿನ ಮರದ ಬುಡಕ್ಕೆ ಸರಿಸಿ, ಜಾಗ ಬಿಟ್ಟುಕೊಟ್ಟ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನಿಗೆ ನನ್ನ ಕೆಲವು ಮುಖಭಾವಗಳ ಅರ್ಥ ಗೊತ್ತಾಗಿದೆ.

ಆ ಕಾರು ನಮ್ಮ ಬಾಲ್ಯದಲ್ಲಿ ಬಿಳಿ ಬಣ್ಣದ್ದು. ಬೆಳಿಗ್ಗೆ ಅಪ್ಪ ಅದನ್ನು ತೊಳೆಯುವಾಗ ನಾವು ಮಕ್ಕಳು ಹೋಗಿ ಚಕ್ರದ ಟೋಪಿಗಳನ್ನು ಒರೆಸುತ್ತಿದ್ದೆವು. ಆ ಹೊಳೆಯುವ ತಟ್ಟೆಗಳಲ್ಲಿ ನಮ್ಮ ಮುಖ ಕುಂಬಳಕಾಯಿಯಷ್ಟು ಉಬ್ಬಿ ಕಾಣುತ್ತಿತ್ತು. ನಾಲಿಗೆ ಚಾಚಿದರೆ ನಾಲಿಗೆಯೂ ಉಬ್ಬುತ್ತಿತ್ತು. ಅದಕ್ಕಿಂತ ಒಳಗೆ ನಮಗೆ ಪ್ರವೇಶವಿರಲಿಲ್ಲ. ನಾವು ಯಾವ ಓಣಿಯವರೆಂದು ಊರಿಗೆಲ್ಲ ಗೊತ್ತಿತ್ತು. ಸ್ಟೇರಿಂಗ್ ಹಿಡಿಯುವ ಕೈಗೆ ಅಡ್ಡಿಯಿರಲಿಲ್ಲ, ಹಿಂದಿನ ಸೀಟಿಗೆ ಒರಗುವ ಬೆನ್ನಿಗೆ ಇತ್ತು. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ಮೂಗನ್ನಷ್ಟೇ ಒಳಗೆ ಕಳಿಸುತ್ತಿದ್ದೆ. ಪೆಟ್ರೋಲು, ಅತ್ತರು, ಸೀಟಿನ ಬಿಸಿ ರೆಗ್ಜಿನ್ನು, ಎಲ್ಲ ಸೇರಿದ ಒಂದು ವಾಸನೆ. ಶ್ರೀಮಂತಿಕೆ ಎಂದರೆ ಇದೇ ವಾಸನೆ ಎಂದು ಬಹಳ ದಿನ ತಿಳಿದಿದ್ದೆ.

ಸಾಹುಕಾರರು ಕೆಟ್ಟವರೇನಲ್ಲ. ಹಬ್ಬಕ್ಕೆ ಅಪ್ಪನಿಗೆ ಬಟ್ಟೆ ಕೊಡಿಸುತ್ತಿದ್ದರು, ನನ್ನ ಅಂಕಪಟ್ಟಿ ತರಿಸಿಕೊಂಡು ನೋಡಿ ತಲೆದೂಗುತ್ತಿದ್ದರು. ಕಾರಿನ ವಿಷಯ ಮಾತ್ರ ಬೇರೆ.

ಈಗ ಆ ದಿನದ ವಿಷಯ ಹೇಳಬೇಕು. ನಾನು ಸಿಂಧನೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದೆ. ಪರೀಕ್ಷೆಯ ನಡುವೆ ರಜೆ ಬಂತೆಂದು ಲಿಂಗಸುಗೂರಿಗೆ ಬಂದವಳು, ಪರೀಕ್ಷೆಯ ದಿನ ನಸುಕಿನಲ್ಲೇ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮೊದಲ ಬಸ್ಸು ಬರಲೇ ಇಲ್ಲ. ಎರಡನೆಯದು ಬಂತು, ಬಾಗಿಲಲ್ಲಿ ಜೋತುಬಿದ್ದ ಮಂದಿ ಕಂಡು ನಿಲ್ಲಿಸದೆ ಹೋಯಿತು. ಅಷ್ಟರಲ್ಲಿ ದೂರದಲ್ಲಿ ಬಿಳಿ ಅಂಬಾಸಡರ್ ಕಂಡಿತು. ಸಾಹುಕಾರರ ಬೀಗರನ್ನು ಕರೆತರಲು ಸಿಂಧನೂರಿಗೆ ಹೊರಟಿತ್ತು. ಅಪ್ಪ ಒಬ್ಬನೇ ಇದ್ದ. ಹಿಂದಿನ ಸೀಟು ಖಾಲಿ, ಮುಂದಿನದೂ ಖಾಲಿ. ನಾನು ಕೈ ಎತ್ತಿದೆ. ಅಪ್ಪ ನೇರ ರಸ್ತೆ ನೋಡುತ್ತ ನನ್ನೆದುರೇ ದಾಟಿ ಹೋದ.

ಪರೀಕ್ಷೆಗೆ ತಡವಾಗಿ ಹೋದೆ, ಬರೆದೆ, ಪಾಸಾದೆ, ಮುಂದೆ ಡಾಕ್ಟರೂ ಆದೆ. ವಿಷಯ ಅದಲ್ಲ. ಅಪ್ಪ ಅದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ರೊಟ್ಟಿ ಹರಿದುಕೊಂಡು ತಿನ್ನುತ್ತ, ನಾವು ಆ ಬೆಳಗನ್ನು ಇಷ್ಟು ವರ್ಷ ಮಾತಿಲ್ಲದೆ ದಾಟಿಸಿಕೊಂಡು ಬಂದಿದ್ದೆವು. ಕಾರನ್ನು ತಂದದ್ದು ಯಾಕೆ ಎಂದು ಆಗ ಯಾರಾದರೂ ಕೇಳಿದ್ದರೆ, ಹಳೆಯ ಗಾಡಿಯ ಮೇಲಿನ ಪ್ರೀತಿ ಎಂದು ಸುಳ್ಳು ಹೇಳುತ್ತಿದ್ದೆ. ನಿಜವೆಂದರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ಓಡಿಸಲೇಬೇಕು ಎಂಬುದಷ್ಟು ಗೊತ್ತಿತ್ತು.

ತುಕ್ಕು ಎಂದರೆ ಏನೆಂದು ನೀವು ತಿಳಿದಿದ್ದೀರೋ ಕಾಣೆ. ನಾನಂತೂ ಅದು ಮೇಲಿನ ಕೊಳೆ, ತಿಕ್ಕಿದರೆ ಹೋಗುತ್ತದೆ ಎಂದುಕೊಂಡಿದ್ದೆ. ಮೊದಲ ದಿನ ಡ್ರೈವರ್ ಸೀಟಿನಲ್ಲಿ ಗತ್ತಿನಿಂದ ಕೂತು ಕಾಲು ಚಾಚಿದೆ, ಕಾಲು ತಳವನ್ನು ತೂರಿಕೊಂಡು ಅಂಗಳದ ನೆಲಕ್ಕೆ ತಾಗಿತು. ಆವತ್ತೇ ಆರ್.ಎಚ್. ಕ್ಯಾಂಪಿನ, ಅಂದರೆ ಬಂಗಾಳಿ ನಿರಾಶ್ರಿತರ ಕ್ಯಾಂಪಿನ, ಬಿಮಲ್‌ಗೆ ಫೋನು ಮಾಡಿದೆ. ಬಿಮಲ್ ತಗಡು ಬಡಿದು ಬೆಸುಗೆ ಹಾಕುವವನು. ಅವನ ಹಿರಿಯರು ಬಂಗಾಳದ ಆಚೆಯಿಂದ ಎಲ್ಲ ಬಿಟ್ಟು ಬಂದು ಇಲ್ಲಿ ಗದ್ದೆ ಮಾಡಿದವರು. ಅವನ ಆಕಳಿನ ಕೆಚ್ಚಲು ಬಾವನ್ನು ನಾನು ವಾಸಿಮಾಡಿದ್ದೆ, ಹಾಗಾಗಿ ಇಲ್ಲ ಎನ್ನುವ ಹಾಗಿರಲಿಲ್ಲ. ಬಂದು ಕಾರಿನ ಸುತ್ತ ಬಡಿದು ಬಡಿದು ನೋಡಿ, "ದಿದಿ, ಇದರಾಗ ಕಾರ್ ಕಡಿಮಿ ಐತಿ, ತೂತು ಬಹಳ ಅದಾವ," ಎಂದ.

"ತೂತು ಮುಚ್ಚೂಣ."

"ಇಂಜಿನ್ ಜಾಮ್ ಆಗೈತಿ. ಹ್ಯಾಂಡಲ್ ಒಂಚೂರೂ ತಿರಗವಲ್ದು."

"ತಿರಗಸೂಣ."

ಬಿಮಲ್ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟು ಅಂಗಿ ಕಳಚಿ ಮರಕ್ಕೆ ತೂಗುಹಾಕಿದ.

ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ದನದ್ದು. ಅದನ್ನೇ ಪ್ರಯೋಗಿಸಿದೆ. ಇಂಜಿನ್ನಿನ ಪ್ಲಗ್ಗು ಬಿಚ್ಚಿದ ತೂತುಗಳಲ್ಲಿ ಎಮ್ಮೆಗೆ ಚುಚ್ಚುವ ದಪ್ಪ ಸಿರಿಂಜಿನಿಂದ ಸೀಮೆಎಣ್ಣೆಗೆ ಇಂಜಿನ್ ಎಣ್ಣೆ ಬೆರೆಸಿ ದಿನಕ್ಕಿಷ್ಟು ಎಂದು ಹೊಯ್ದೆ. ಕಿವಿಗೆ ಸ್ಟೆತಾಸ್ಕೋಪು ಹಾಕಿಕೊಂಡು ಒಳಗೇನಾದರೂ ಸದ್ದಿದೆಯೇ ಎಂದು ಕೇಳುತ್ತಿದ್ದಾಗ ಎದುರುಮನೆಯ ಟೀಚರಮ್ಮ ಗೇಟಿನ ತನಕ ಬಂದು, ಏನೂ ಕೇಳದೆ ಹಿಂದಕ್ಕೆ ಹೋದರು. ಮಳೆಗಾಲ ಬಂತು. ತಾಡಪತ್ರಿ ಹೊದಿಸಿಕೊಂಡು ಕೆಲಸ ಮಾಡಿದೆವು. ಬಡಿದು ಸರಿಮಾಡಿದ ಬಾಗಿಲಿನ ಅಂಚು ಮತ್ತೆ ಉದುರಿತು. ರಾಯಚೂರಿನಿಂದ ತರಿಸಿದ ರೇಡಿಯೇಟರು ಬೇರೆ ಗಾಡಿಯದಾಗಿತ್ತು. ಹಾರನ್ನಿನ ವೈರು ಎಲ್ಲಿಗೋ ತಾಗಿ, ಇಂಜಿನ್ ತಿರುಗದ ಕಾರು ಒಂದು ಮಧ್ಯಾಹ್ನ ಓಣಿಯೆಲ್ಲ ಎದ್ದು ಕೂರುವಂತೆ ಅರಚಿಕೊಂಡಿತು. ಬಿಮಲ್ ಎರಡು ಸಲ, "ದಿದಿ, ಬಿಟ್ಬಿಡ್ರಿ," ಎಂದ.

ಬಿಡುವುದು ನನಗೆ ಬರುವುದಿಲ್ಲ. ಇದು ಗುಣವೋ ರೋಗವೋ ತಿಳಿಯದು. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಾಗ ಭುಜದವರೆಗೆ ಕೈ ಹಾಕಿ ನಿಂತಿರುತ್ತೇವೆ. ಕೈ ಜೋಮು ಹಿಡಿಯುತ್ತದೆ, ಸೊಂಟ ಬಿದ್ದುಹೋಗುತ್ತದೆ, ಸುತ್ತ ನಿಂತವರು ತಲೆಗೊಂದು ಸಲಹೆ ಕೊಡುತ್ತಾರೆ. ಆಗ, ಸಾಕಾಯಿತು ನಾಳೆ ಬರುತ್ತೇನೆ ಎಂದು ಕೈ ತೆಗೆಯಲು ಆಗುತ್ತದೆಯೇ? ಒಳಗೆ ಬೆರಳಿಗೆ ಒಂದು ಗೊರಸು ಸಿಗುವ ತನಕ ತಡಕುತ್ತಲೇ ಇರಬೇಕು.

ಆ ಗೊರಸು ಒಂದು ಭಾನುವಾರ ಸಿಕ್ಕಿತು. ನಾನೂ ಬಿಮಲ್ಲೂ ಇಬ್ಬರೂ ಕಾರಿನ ಮೂತಿಗೆ ಸಿಕ್ಕಿಸಿ ಇಂಜಿನ್ ತಿರುಗಿಸುವ ಹ್ಯಾಂಡಲ್ಲಿಗೆ ಜೋತುಬಿದ್ದಿದ್ದೆವು. ಕಟ್ ಎಂದಿತು. ಹ್ಯಾಂಡಲ್ಲೇ ಮುರಿಯಿತೆಂದು ನಾನು ಕಣ್ಣು ಮುಚ್ಚಿದೆ. "ದಿದಿ, ತಿರುಗ್ತು! ತಿರುಗ್ತು!" ಎಂದು ಬಿಮಲ್ ಕೂಗಿದ. ಹೆಬ್ಬೆರಳಿನ ಅಗಲದಷ್ಟು ತಿರುಗಿತ್ತು. ಅದೇ ಕ್ಷಣಕ್ಕೆ ಮನೆಯೊಳಗೆ ಹಾಡುತ್ತಿದ್ದ ಅಪ್ಪನ ರೇಡಿಯೋ ಸಣ್ಣಗಾಯಿತು. ತಿಂಗಳುಗಟ್ಟಲೆ ಅಂಗಳದ ಕಡೆ ಮುಖ ಮಾಡದ ಮನುಷ್ಯ ಒಳಗೆ ಕೂತು ಕಿವಿ ಕೊಟ್ಟಿದ್ದ.

ಕಾರಿಗೆ ಕಾರಿನ ರೂಪ ಬಂದು, ಬಿಳಿ ಬಣ್ಣ ಬಳಿದ ಮೇಲೆ ಸುದ್ದಿ ಲಿಂಗಸುಗೂರಿಗೂ ಮುಟ್ಟಿತು. ಒಂದು ದಿನ ಸಾಹುಕಾರರ ಮೊಮ್ಮಗ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದ. ನಗುಮುಖದ, ಸಭ್ಯ ಹುಡುಗ. ಗಿರಣಿಯ ಜಾಗದಲ್ಲಿ ಹೋಟೆಲು ಕಟ್ಟಿಸಿದ್ದಾನೆ. ಕಟ್ಟೆಯ ಮೇಲಿದ್ದ ಅಪ್ಪನನ್ನು ನೋಡಿ, ತಮ್ಮ ಮನೆಯ ರೂಢಿಯಂತೆ ಏಕವಚನದಲ್ಲಿ, "ಏನ್ ಯಲ್ಲಪ್ಪ, ಆರಾಮ ಅದೀ?" ಎಂದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೂ ನಟ್ಟು ಬಿಚ್ಚುವ ಪಾನಾದ ಮೇಲೆ ನನ್ನ ಹಿಡಿತ ಬಿಗಿಯಾಯಿತು.

"ನಮ್ಮಜ್ಜನ ಗಾಡಿ ಹೊಸದು ಮಾಡೀರಂತ ಕೇಳಿದ್ವಿ," ಎಂದ. "ಹೋಟೆಲ್ ಬಾಗಲದಾಗ ನಿಲ್ಲಸ್ಬೇಕಂತೀನಿ. ಅಜ್ಜನ ನೆನಪು. ನೀವು ಏನ್ ಹೇಳಿದ್ರೂ ಸೈ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತ.

"ತಮ್ಮಾ, ನಿಮ್ಮಜ್ಜನ ಗಾಡಿ ಆಗಿತ್ತು, ಖರೇ. ಅವರು ಮಾರಿದ್ರು. ಕೋಳಿ ಹೇತು ಕುಲಗೆಡಿಸಿದ್ವು. ಎತ್ತಿ ತಂದು ಜೀವಾ ಹಾಕಿದಾಕಿ ನನ್ನ ಮಗಳು. ಈಗ ಇದು ಆಕಿ ಗಾಡಿ. ಆಕಿನ್ನ ಕೇಳ್ರಿ." ಪೇಪರು ಮಡಚುತ್ತ ಸೇರಿಸಿದ: "ಕೇಳಿದ್ರೂ ಆಕಿ ಕೊಡಂಗಿಲ್ಲ. ನಾ ಬಲ್ಲೆ."

"ಕೊಡಂಗಿಲ್ರೀ," ಎಂದೆ ನಾನು.

ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ. ಅವ್ವ ಕೊಟ್ಟ ಚಹಾ ಕುಡಿದ, ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದ. ಹೊರಡುವಾಗ, "ಬರ್ತೀನ್ರೀ ಯಲ್ಲಪ್ಪನವರ," ಎಂದು ಹೋದ. ಅಪ್ಪ ಗೇಟಿನವರೆಗೆ ಕಳಿಸಿ ಬಂದು ಮತ್ತೆ ಪೇಪರು ಬಿಡಿಸಿದ. ಕಾರಿನ ಕಡೆ ಮಾತ್ರ ಆವತ್ತೂ ಬರಲಿಲ್ಲ.

ಬಂದದ್ದು ಬ್ರೇಕಿನ ದೆಸೆಯಿಂದ. ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿದ್ದರೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಬ್ರೇಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರದ ತಿರುಪು ಸಡಿಲಿಸಬೇಕು. ಬಿಮಲ್ ಕ್ಯಾಂಪಿನಲ್ಲಿ ದುರ್ಗಾಪೂಜೆಯೆಂದು ಹೋದವನು ಪತ್ತೆಯಿರಲಿಲ್ಲ. ಗಂಡನಿಗೆ ಒತ್ತು ಎಂದರೆ ಬಿಡುತ್ತಾನೆ, ಬಿಡು ಎಂದರೆ ಒತ್ತುತ್ತಾನೆ. ನಾನು ಕಾರಿನ ಕೆಳಗಿನಿಂದಲೇ ಕೂಗಿದೆ: "ಅಪ್ಪಾ, ಜರಾ ಬಾ ಇಲ್ಲಿ!"

ಒಳಗೆ ರೇಡಿಯೋ ನಿಂತಿತು. ಆಮೇಲೆ ಚಪ್ಪಲಿಯ ಸದ್ದು. ಬಾಗಿಲು ತೆರೆಯಿತು. ನನ್ನ ಮೇಲೆ ಇಡೀ ಕಾರು ಒಂದಿಷ್ಟು ತಗ್ಗಿತು.

"ಒತ್ತು," ಎಂದೆ. ಒತ್ತಿದ. ತಿರುಪು ಸಡಿಲಿಸಿದೆ, ಗುಳ್ಳೆ ಗುಳ್ಳೆಯಾಗಿ ಎಣ್ಣೆ ಬಂತು. "ಬಿಡು." ಬಿಟ್ಟ. ಹೀಗೆ ನಾಕಾರು ಸಲ ಆಯಿತು. ನನಗೆ ಅವನ ಮುಖ ಕಾಣುತ್ತಿರಲಿಲ್ಲ, ಅವನಿಗೆ ನನ್ನದು ಕಾಣುತ್ತಿರಲಿಲ್ಲ.

"ಅವತ್ತು ಒತ್ತಲಿಲ್ಲ ನಾ," ಎಂದ ಅಪ್ಪ ಮೇಲಿನಿಂದ.

ಯಾವತ್ತು ಎಂದು ನಾನು ಕೇಳಲಿಲ್ಲ. ಪಾನಾ ಕೆಳಗಿಟ್ಟೆ.

"ನಿನ್ನ ದೂರದಿಂದನ ನೋಡಿದ್ದೆ. ಗಾಡಿ ಖಾಲಿ ಇತ್ತು. ಕಾಲು ಬ್ರೇಕಿನ ಮ್ಯಾಲ ಇಟ್ಟೆ. ನನಗಿಂತ ಮೊದಲಿದ್ದ ಡ್ರೈವರ್ ತನ್ನ ಹೆಂಡ್ತಿನ್ನ ಕುಂದ್ರಿಸಿಕೊಂಡು ದವಾಖಾನಿಗಿ ಹೋಗಿದ್ದ. ಯಾರೋ ನೋಡಿ ಹೇಳಿದ್ರು. ಮರದಿನ ಅವಗ ಕೆಲಸ ಇರಲಿಲ್ಲ. ಅದು ನೆನಪಾತು. ಅಂಜಿದೆ. ಅಷ್ಟ."

ಒಂದು ಹನಿ ಎಣ್ಣೆ ನನ್ನ ಕೆನ್ನೆಯ ಮೇಲೆ ಬಿತ್ತು. ಒರೆಸಿಕೊಳ್ಳಲು ಕೈ ಎತ್ತುವಷ್ಟು ಜಾಗವಿರಲಿಲ್ಲ.

"ನನ್ನ ನೋಡಿ ನಿನಗ ನಾಚಿಕಿ ಆತು ಅಂತ ತಿಳಿದಿದ್ದೆ ಅಪ್ಪಾ," ಎಂದೆ. "ನನ್ನ ಹರಕು ಚೀಲ, ರಬ್ಬರ್ ಚಪ್ಪಲಿ."

"ನಿನ್ನ ನೋಡಿ?" ಅವನ ದನಿ ಜೋರಾಯಿತು. "ಹುಚ್ಚಿ! ನನ್ನ ನೋಡಿ ನಾನ ನಾಚಿಕೊಂಡೆ. ಸಿಂಧನೂರು ಮುಟ್ಟೂತನ ಆ ಕನ್ನಡಿ ನೋಡಲಿಲ್ಲ ನಾ. ಮುಖ ಕಾಣ್ತದಲ್ಲ ಅದರಾಗ." ಬ್ರೇಕಿನ ಮೇಲೆ ಮತ್ತೆ ಕಾಲಿಟ್ಟು ಕೇಳಿದ: "ಒತ್ತಲೇನು ಈಗ?"

"ಒತ್ತು," ಎಂದೆ. ಎಣ್ಣೆ ಈ ಸಲ ಗುಳ್ಳೆಯಿಲ್ಲದೆ ಸರಾಗವಾಗಿ ಬಂತು. ತಿರುಪು ಬಿಗಿ ಮಾಡಿ ಹೊರಗೆ ತೆವಳಿ ಬಂದಾಗ ಅಪ್ಪ ನನ್ನ ಮುಖ ನೋಡಿ, "ಹೋಗು, ಮಾರಿ ತೊಳಕೊ, ಎಣ್ಣಿ ಆಗೈತಿ," ಎಂದಷ್ಟೇ ಹೇಳಿದ. ಎಣ್ಣೆಯೊಂದೇ ಆಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಕಾಗದಪತ್ರ, ತಪಾಸಣೆ ಎಲ್ಲ ಮುಗಿದು ನಾವು ಹೊರಟದ್ದು ಚಳಿಗಾಲದ ಒಂದು ಬೆಳಿಗ್ಗೆ. ಗೇರು ಸ್ಟೇರಿಂಗಿನ ಪಕ್ಕದಲ್ಲಿರುವ ಗಾಡಿ ನನಗೆ ಹೊಸದು. ಸಿಂಧನೂರಿನ ಸರ್ಕಲ್ಲಿನಲ್ಲೇ ನಿಂತುಬಿಟ್ಟು ಹಿಂದಿನ ಲಾರಿಯವನಿಂದ ಆಶೀರ್ವಾದ ಪಡೆದೆ. ಅಪ್ಪ ನನ್ನ ಪಕ್ಕದಲ್ಲಿ. ಅವನ ಕಾಲ ಬಳಿ ಬ್ರೇಕು ಇಲ್ಲದಿದ್ದರೂ ನಾನು ಯಾವುದನ್ನಾದರೂ ಹಿಂದೆ ಹಾಕಿದಾಗಲೆಲ್ಲ ಹೊಸ ತಗಡನ್ನು ಒತ್ತುತ್ತಿದ್ದ. ಅವ್ವ ಹಿಂದಿನ ಸೀಟಿನ ನಟ್ಟನಡುವೆ ಕೂತು, ಎರಡೂ ಕೈ ಅಗಲಿಸಿ ಸೀಟಿನ ಮೇಲಿಟ್ಟು, "ಇಷ್ಟ ಏನು? ಇದಕಿಂತ ನಮ್ಮ ಮಂಚಾನ ಮೆತ್ತಗ ಐತಿ," ಎಂದಳು. ಎಷ್ಟೋ ವರ್ಷ ಕಾಯ್ದಿದ್ದ ತೀರ್ಪು.

ಕಾಲುವೆ ನೀರಿನ ಗದ್ದೆಗಳು ಮುಗಿದು ಮಸ್ಕಿಯ ಗುಡ್ಡ ಕಂಡಿತು. ಅಲ್ಲಿಂದಾಚೆ ತೊಗರಿ, ಕಡಲೆಯ ಕಪ್ಪು ಹೊಲಗಳು. ಮಸ್ಕಿ ದಾಟುವಾಗ ರೇಡಿಯೇಟರು ಕುದಿದು ಬುಸುಗುಟ್ಟಿತು. ಅದು ಆರುವ ತನಕ ಬೇಲಿಯ ನೆರಳಲ್ಲಿ ಕೂತು ಸಜ್ಜೆ ರೊಟ್ಟಿ ಬಿಚ್ಚಿ ತಿಂದೆವು. ಹಾದುಹೋಗುವವರು ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಅಪ್ಪ ಪ್ರತಿ ಫೋಟೋಕ್ಕೂ ಎದ್ದು ನಿಂತ.

ಲಿಂಗಸುಗೂರು ಮುಟ್ಟಿದೆವು. ನನ್ನ ಲೆಕ್ಕ ಅಲ್ಲಿಗೇ ಮುಗಿದಿತ್ತು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸದೆ ಕೇಳಿದೆ: "ಈಗ ಎಲ್ಲಿಗಿ ಹೋಗೂಣ ಅಪ್ಪಾ?"

ಅಪ್ಪ ನನ್ನನ್ನು ನೋಡಿದ, ಎದುರಿನ ರಸ್ತೆ ನೋಡಿದ. ಆ ಕಾರಿನೊಳಗೆ ಕೂತು ಆ ಪ್ರಶ್ನೆಯನ್ನು ಇತರರಿಗೆ ಸಾವಿರ ಸಲ ಕೇಳಿದ್ದವನು ಅವನು. ಅವನಿಗೆ ಅದನ್ನು ಯಾರೂ ಕೇಳಿರಲಿಲ್ಲ.

"ಜಲದುರ್ಗ," ಎಂದ ಕೊನೆಗೆ, ಸಣ್ಣ ದನಿಯಲ್ಲಿ.

"ಅಲ್ಲಿ ಏನೈತಿ?" ಎಂದಳು ಅವ್ವ ಹಿಂದಿನಿಂದ.

"ಕೃಷ್ಣಾ ಹೊಳಿ ಎರಡು ಕಡಿ ಹರೀತದಂತ. ನಡುವ ಹಳೇ ಕೋಟೆ. ಮ್ಯಾಲ ನಿಂತು ನೋಡಿದ್ರ ಭಾಳ ಚಂದ ಕಾಣ್ತದಂತ. ಸಾಹುಕಾರ್ರ ಮನಿಗೆ ಬೀಗರು ಬಂದಾಗೊಮ್ಮೆ ಕರ್ಕೊಂಡು ಹೋಗೀನಿ. ಅವರು ನೋಡಾಕ ಹೋಗ್ತಿದ್ರು, ನಾ ಗಾಡಿ ಕಾಯ್ತಿದ್ದೆ. ನೀರಿನ ಸಪ್ಪಳ ಕೇಳೀನಿ. ನೋಡಿಲ್ಲ."

ನಾನು ಗೇರು ಹಾಕಿದೆ.

ಜಲದುರ್ಗದಲ್ಲಿ ಒಂದು ಮರದ ಕೆಳಗೆ ಕಾರು ನಿಲ್ಲಿಸಿದಾಗ ಹೊಳೆಯ ಸದ್ದು ಅಲ್ಲಿಗೇ ಕೇಳುತ್ತಿತ್ತು. ಅಪ್ಪ ಇಳಿದ. ಇಳಿದವನು ಹಳೆಯ ಅಭ್ಯಾಸದಂತೆ ಕಾರಿಗೆ ಒರಗಿ, ಕೈ ಕಟ್ಟಿ ನಿಂತೇಬಿಟ್ಟ. ಅವ್ವ ಸೀರೆ ಸರಿಪಡಿಸಿಕೊಂಡು ನಡೆಯಲು ಶುರುಮಾಡಿದ್ದಳು. ನಾನು ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದೆ. ಕರೆಯಲಿಲ್ಲ. ಅವನೇ ನಿಂತು ನಿಂತು, ಕಾರನ್ನು ಒಮ್ಮೆ ನೋಡಿ, ಒರಗಿದ್ದ ಬೆನ್ನು ಎತ್ತಿದ.

"ಗಾಡಿ ಯಾರು ಕಾಯೋರು ಅಪ್ಪಾ?" ಎಂದೆ, ತಡೆಯಲಾರದೆ.

"ಇರಲಿ ಬಿಡಬೇ," ಎಂದ ಅಪ್ಪ. "ನೀ ಓಡಿಸಿಕೊಂಡು ಬಂದ ರೀತಿ ನೋಡಿದವ್ರು ಯಾರೂ ಮುಟ್ಟಂಗಿಲ್ಲ ಅದನ್ನ."

ಹಾಗೆಂದು ನನ್ನನ್ನು ದಾಟಿ, ಅವ್ವನನ್ನೂ ದಾಟಿ, ಸದ್ದು ಬರುತ್ತಿದ್ದ ಕಡೆ ಬಿರಬಿರನೆ ನಡೆದ. ಕಲ್ಲಿನ ಏರು ಹತ್ತಿದ ಮೇಲೆ ಒಮ್ಮೆ ನಿಂತ. ನಾವು ಏದುಸಿರು ಬಿಡುತ್ತ ಇನ್ನೂ ಕೆಳಗೇ ಇದ್ದೆವು. ಅಪ್ಪ ಅಲ್ಲಿಂದ ನಮ್ಮ ಕಡೆ ತಿರುಗಿ, ಎರಡೂ ಕೈ ಬೀಸಿ ಕೂಗುತ್ತಿದ್ದ: "ಜಲ್ದಿ ಬರ್ರಿ! ಎಷ್ಟು ನೀರು ಐತಿ ನೋಡಬರ್ರಿ ಇಲ್ಲಿ!"